ಹುಬ್ಬು ಮೊದಲೇ ಹೇಳಿಬಿಡುತ್ತದೆ

ಈಗ ತೆರೆಯ ಮೇಲೆ ಓಡುತ್ತಿರುವ ತುಣುಕಿಗೆ ಧ್ವನಿ ಇಲ್ಲ. ನಿಮ್ಮ ಮೊಬೈಲ್ ಸರಿಯಾಗಿಯೇ ಇದೆ, ಧ್ವನಿಯನ್ನು ನಾನೇ ತೆಗೆದಿದ್ದೇನೆ. ಹಾಡುತ್ತಿರುವವಳು ನಾನು, ಐದು ತಿಂಗಳ ಹಿಂದಿನ ಒಂದು ಬೆಳಗಿನ ಸಾಧನೆ. ಮೋಹನ ರಾಗದಲ್ಲಿ ಗ ಪ ದ ಸ ಎಂದು ತಾರ ಷಡ್ಜಕ್ಕೆ, ಅಂದರೆ ಮೇಲಿನ ಸ ಸ್ವರಕ್ಕೆ, ಏರುತ್ತಿದ್ದೇನೆ. ನನ್ನ ಹುಬ್ಬುಗಳನ್ನು ಮಾತ್ರ ನೋಡಿ. ಇದು ಗಾಂಧಾರ, ಹಣೆ ನುಣ್ಣಗಿದೆ. ಇದು ಪಂಚಮ, ಹುಬ್ಬು ಎದ್ದಿತು. ಧೈವತಕ್ಕೆ ಬರುವಷ್ಟರಲ್ಲಿ ಹಣೆಯ ತುಂಬ ಗೆರೆಗಳು, ಗಲ್ಲ ಮುಂದಕ್ಕೆ ಚಾಚಿದೆ. ಷಡ್ಜ ಇನ್ನೂ ಬಂದೇ ಇಲ್ಲ.

ಇದೇ ಧ್ವನಿಮುದ್ರಣವನ್ನು ಹೀಗೆ ನೋಡುವುದಕ್ಕೆ ಮೊದಲು ಎರಡು ಸಲ ಕಿವಿಯಲ್ಲಿ ಕೇಳಿದ್ದೆ. ಶ್ರುತಿ ಸೇರಿತ್ತು, ಷಡ್ಜ ನಿಂತಿತ್ತು, ಸಮಾಧಾನವಾಗಿತ್ತು. ಇಯರ್‌ಫೋನ್ ತೆಗೆದಿಟ್ಟು ಸುಮ್ಮನೆ ನೋಡಿದ ದಿನವೇ ಈ ಹುಬ್ಬು ಕಣ್ಣಿಗೆ ಬಿದ್ದದ್ದು. ಎತ್ತರದ ಸ್ವರ ಕಷ್ಟ, ಅದಕ್ಕೇ ಮುಖ ಬಿಗಿಯುತ್ತದೆ ಎಂದು ನಾನು ವರ್ಷಗಟ್ಟಲೆ ನಂಬಿಕೊಂಡಿದ್ದೆ. ಆದರೆ ಇಲ್ಲಿ ಕಷ್ಟದ ಸ್ವರ ಬರುವುದಕ್ಕೆ ಎರಡು ಸ್ವರ ಮುಂಚೆಯೇ ಮುಖ ಸಿದ್ಧತೆ ನಡೆಸಿದೆ. ಭಾರ ಎತ್ತುವ ಮೊದಲೇ ಸೊಂಟಕ್ಕೆ ಕೈ ಕೊಟ್ಟು ಉಸ್ಸೆಂದಂತೆ. ಆ ದಿನದಿಂದ ಇವತ್ತಿನವರೆಗೆ ನಾನು ಬೆನ್ನು ಹತ್ತಿರುವುದು ಈ ಒಂದು ಪ್ರಶ್ನೆಯನ್ನು: ಮುಖಕ್ಕೆ ಈ ಕೆಲಸ ಹೇಳಿದವರು ಯಾರು?

ದೇಹದಲ್ಲಿ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ನನ್ನದು ಐದರ ಶ್ರುತಿ, ಅಂದರೆ ಹಾರ್ಮೋನಿಯಂನ ಐದನೆಯ ಬಿಳಿ ಮನೆ ನನ್ನ ಷಡ್ಜ. ತಾರ ಷಡ್ಜ ಹಿಡಿದಾಗ ನನ್ನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 392 ಸಲ ಒಂದಕ್ಕೊಂದು ತಾಗಿ ಬಿಡುತ್ತವೆ. ಒಂದೂವರೆ ಸೆಂಟಿಮೀಟರ್ ಆಸುಪಾಸಿನ ಎರಡು ಮಡಿಕೆಗಳು ಅವು. ಸ್ವರ ಏರಬೇಕಾದರೆ ಅವು ಎಳೆದು ತೆಳುವಾಗಬೇಕು. ಆ ಎಳೆತದ ಮುಖ್ಯ ಕೆಲಸ ಧ್ವನಿಪೆಟ್ಟಿಗೆಯ ಮುಂಭಾಗದಲ್ಲಿರುವ ಕ್ರೈಕೋಥೈರಾಯ್ಡ್ ಎಂಬ ಪುಟ್ಟ ಸ್ನಾಯುವಿನದು. ಅದಕ್ಕೆ ಅಪ್ಪಣೆ ಹೋಗುವುದು ಮಿದುಳಿನಿಂದ ಹೊರಡುವ ಹತ್ತನೆಯ ನರದ ಒಂದು ಕವಲಿನ ಮೂಲಕ. ಹುಬ್ಬು ಎತ್ತುವ ಸ್ನಾಯುವಿಗೆ ಏಳನೆಯ ನರ, ದವಡೆ ಕಚ್ಚುವ ಸ್ನಾಯುವಿಗೆ ಐದನೆಯದು, ನಾಲಿಗೆಗೆ ಹನ್ನೆರಡನೆಯದು. ತಂತಿಗಳೇ ಬೇರೆ ಬೇರೆ. ಹುಬ್ಬು ಎತ್ತಿದರೆ ಧ್ವನಿತಂತು ಒಂದು ಕೂದಲಿನಷ್ಟೂ ಎಳೆಯುವುದಿಲ್ಲ. ಆದರೂ ಎರಡನ್ನೂ ಸೇರಿಸಿ ಸಾವಿರಾರು ಸಲ ಮಾಡಿದ ಮೇಲೆ, ಹುಬ್ಬು ಏರದೆ ಸ್ವರ ಏರುವುದಿಲ್ಲ ಎಂದು ಮೈಗೆ ಅಭ್ಯಾಸವಾಗಿಬಿಡುತ್ತದೆ. ಹಣೆಯ ಗೆರೆಯಿಂದ ಹಾಡಿಗೆ ನೇರವಾಗಿ ನಷ್ಟವೇನೂ ಇಲ್ಲ. ಹಣೆ ಒಂಟಿಯಾಗಿ ಬಿಗಿಯುವುದಿಲ್ಲ ಎಂಬುದೇ ತೊಂದರೆ. ಅದರ ಹಿಂದೆಯೇ ದವಡೆ, ದವಡೆಯ ಹಿಂದೆ ನಾಲಿಗೆಯ ಬುಡ. ನಾಲಿಗೆಯ ಬುಡಕ್ಕೆ ಬಂದರೆ ವಿಷಯ ಗಂಟಲಿಗೆ ಬಂತು ಎಂದೇ ಅರ್ಥ.

ಏಕೆಂದರೆ ನಮ್ಮ ಧ್ವನಿಪೆಟ್ಟಿಗೆ ಯಾವುದರ ಮೇಲೂ ಕುಳಿತಿಲ್ಲ, ತೂಗುಹಾಕಿಕೊಂಡಿದೆ. ಕತ್ತಿನ ಮೇಲ್ಭಾಗದಲ್ಲಿ, ಗಲ್ಲದ ಕೆಳಗೆ, ಕುದುರೆಯ ಲಾಳದ ಆಕಾರದ ಒಂದು ಮೂಳೆ ಇದೆ. ಬೇರೆ ಯಾವ ಮೂಳೆಗೂ ನೇರವಾಗಿ ಕೂಡಿಕೊಳ್ಳದ ಮೂಳೆ ಅದು. ನಾಲಿಗೆಯ ಬುಡ ಅಂಟಿಕೊಂಡಿರುವುದು ಅದಕ್ಕೆ, ಕೆಳದವಡೆಯಿಂದ ಬರುವ ಸ್ನಾಯುಗಳು ಸೇರುವುದು ಅದಕ್ಕೆ, ಧ್ವನಿಪೆಟ್ಟಿಗೆ ಜೋತುಬಿದ್ದಿರುವುದೂ ಅದಕ್ಕೇ. ನಾಲಿಗೆ ಹಿಂದಕ್ಕೆ ಸೆಟೆದುಕೊಂಡರೆ ಕೆಳಗಿನ ಧ್ವನಿಪೆಟ್ಟಿಗೆಗೆ ಒತ್ತಡ ಬೀಳುತ್ತದೆ. ಗಂಟಲಿಗೆ ಬೆರಳಿಟ್ಟು ಒಮ್ಮೆ ಉಗುಳು ನುಂಗಿ ನೋಡಿ. ಪೆಟ್ಟಿಗೆ ಮೇಲಕ್ಕೆ ಜಿಗಿದು ಇಳಿಯುತ್ತದೆ. ಎತ್ತರದ ಸ್ವರಕ್ಕೆ ಹೋಗುವಾಗ ನಮ್ಮಲ್ಲಿ ಬಹಳ ಜನ ಅರ್ಧ ನುಂಗುವ ಸ್ಥಿತಿಯಲ್ಲಿಯೇ ಹಾಡುತ್ತಿರುತ್ತೇವೆ. ನುಂಗುವುದು ಗಂಟಲು ಮುಚ್ಚುವ ಕೆಲಸ, ಹಾಡುವುದು ತೆರೆದಿಡುವ ಕೆಲಸ. ಎರಡನ್ನೂ ಒಟ್ಟಿಗೆ ಮಾಡಲು ಹೊರಟರೆ ಕೇಳುವವರಿಗೆ ಸಿಗುವುದು ಹಿಂಡಿದ ದನಿ.

ಈಗ ಹತ್ತಿರದಿಂದ ಚಿತ್ರೀಕರಿಸಿದ್ದನ್ನು ತೋರಿಸುತ್ತೇನೆ. ಇದು ನನ್ನ ಗಲ್ಲದ ಅಡಿಭಾಗ. ಮುಂದಿನ ಮೂಳೆಯಿಂದ ಒಂದು ಅಂಗುಲ ಹಿಂದೆ, ಮೆತ್ತಗಿರುವ ಜಾಗದಲ್ಲಿ ಹೆಬ್ಬೆರಳು ಇಟ್ಟಿದ್ದೇನೆ. ಸುಮ್ಮನಿದ್ದಾಗ ಬೆರಳು ಹಿತವಾಗಿ ಒಳಕ್ಕೆ ಹೋಗುತ್ತದೆ. ನುಂಗಿದಾಗ ನೋಡಿ, ಆ ಜಾಗ ಕಲ್ಲಾಗಿ ಬೆರಳನ್ನು ಹೊರಕ್ಕೆ ದಬ್ಬುತ್ತದೆ. ಈಗ ಹೆಬ್ಬೆರಳು ಅಲ್ಲಿಯೇ ಇರಲಿ. ಮಧ್ಯ ಷಡ್ಜ, ಅಕಾರ. ಮೆತ್ತಗಿದೆ. ಪಂಚಮ, ಮೆತ್ತಗಿದೆ. ಧೈವತಕ್ಕೆ ಬೆರಳು ಅರ್ಧ ಹೊರಗೆ ಬಂತು. ಐದು ತಿಂಗಳ ಹಿಂದೆ ಪಂಚಮದಲ್ಲಿಯೇ ಪೂರ್ತಿ ಹೊರಗೆ ಬರುತ್ತಿತ್ತು. ಈ ಒಂದು ಪರೀಕ್ಷೆ ನನಗೆ ಕನ್ನಡಿಗಿಂತ ಹೆಚ್ಚು ಕಲಿಸಿದೆ. ಕನ್ನಡಿಯ ಮುಂದೆ ನಿಂತರೆ ನಾನು ಮುಖವನ್ನು ಸಿಂಗರಿಸಲು ತೊಡಗುತ್ತೇನೆ. ಹೆಬ್ಬೆರಳ ಮುಂದೆ ಆ ಆಟ ನಡೆಯುವುದಿಲ್ಲ.

ಹುಬ್ಬಿನ ವಿಷಯಕ್ಕೆ ಬರುತ್ತೇನೆ. ನಾನು ಮೊದಲು ಮಾಡಿದ್ದು ಬಹಳ ಜನ ಮಾಡುವ ಕೆಲಸವನ್ನೇ, ಹುಬ್ಬನ್ನು ತಡೆದದ್ದು. ಹಣೆಗೆ ಅಡ್ಡಲಾಗಿ ಒಂದು ತುಂಡು ಪೇಪರ್ ಟೇಪ್ ಅಂಟಿಸಿಕೊಂಡೆ. ಹುಬ್ಬು ಎದ್ದ ಕೂಡಲೇ ಟೇಪ್ ಚರ್ಮವನ್ನು ಜಗ್ಗುತ್ತದೆ, ತಕ್ಷಣ ಗೊತ್ತಾಗುತ್ತದೆ. ಹತ್ತು ದಿನದಲ್ಲಿ ಹಣೆ ಶಾಂತವಾಯಿತು. ಹನ್ನೊಂದನೆಯ ದಿನ ಕಿವಿಯ ಹತ್ತಿರ ದವಡೆ ನೋಯತೊಡಗಿತು. ವಿಡಿಯೋ ನೋಡಿದರೆ, ಹುಬ್ಬು ಏರುತ್ತಿದ್ದ ಅದೇ ಪಂಚಮದಲ್ಲಿ ಈಗ ದವಡೆ ಬಿಗಿಯುತ್ತಿದೆ. ದವಡೆಗೆ ಬುದ್ಧಿ ಹೇಳಿದೆ, ಬಿಗಿತ ನಾಲಿಗೆಗೆ ಇಳಿಯಿತು. ಒಂದು ಬಾಗಿಲು ಹಾಕಿದರೆ ಇನ್ನೊಂದರಿಂದ ಬರುತ್ತಿತ್ತು. ಮುಖದ ಬಿಗಿತವನ್ನು ಮುಖದಲ್ಲಿಯೇ ಸರಿಪಡಿಸಲು ಆಗುವುದಿಲ್ಲ ಎಂಬುದು ಆಗ ನನಗೆ ಮನದಟ್ಟಾಯಿತು. ‘ಮುಖ ಸಡಿಲ ಬಿಡು’ ಎಂಬ ಮಾತು ನೂರು ಸಲ ಕಿವಿಗೆ ಬಿದ್ದಿದೆ. ಹೇಳಿದವರ ಮನಸ್ಸು ಒಳ್ಳೆಯದೇ. ಆದರೆ ಹೆದರಿದ ಮಗುವಿಗೆ ‘ಹೆದರಬೇಡ’ ಎಂದಷ್ಟೇ ಉಪಯೋಗ ಅದರದು.

ಇದೇನೂ ಹೊಸ ರೋಗವಲ್ಲ. ಹದಿಮೂರನೆಯ ಶತಮಾನದಲ್ಲಿ ಶಾರ್ಙ್ಗದೇವ ‘ಸಂಗೀತ ರತ್ನಾಕರ’ದಲ್ಲಿ ನಿಂದ್ಯರಾದ ಗಾಯಕರ 25 ಬಗೆಗಳನ್ನು ಹೆಸರಿಸುತ್ತಾನೆ. ಅದರಲ್ಲಿ ಎಷ್ಟೊಂದು ಬರೀ ಮುಖ ಮತ್ತು ಕತ್ತಿನವು! ಹಲ್ಲು ಕಚ್ಚಿ ಹಾಡುವವನು ಸಂದಷ್ಟ. ಬಾಯನ್ನು ಭಯಂಕರವಾಗಿ ತೆರೆಯುವವನು ಕರಾಲಿ. ಹಣೆ, ಮುಖ, ಕತ್ತಿನ ನರಗಳು ಉಬ್ಬಿದವನು ಝೋಂಬಕ. ಕೆನ್ನೆ ಊದಿಸುವವನು ತುಂಬಕಿ. ಕತ್ತು ಸೊಟ್ಟ ಮಾಡುವವನು ವಕ್ರಿ. ಇದನ್ನು ಓದಿದಾಗ ನನಗೆ ಒಂದು ಬಗೆಯ ಧೈರ್ಯ ಬಂತು. ಏಳೆಂಟು ನೂರು ವರ್ಷಗಳ ಹಿಂದೆ ಯಾರೋ ಹಾಡುಗಾರರ ಎದುರು ಕುಳಿತು, ನಾನು ಮೊಬೈಲಿನಲ್ಲಿ ನೋಡಿದ್ದನ್ನೇ ಬರಿಗಣ್ಣಿನಿಂದ ನೋಡಿದ್ದಾರೆ. ಇವು ಬರೀ ನೋಟದ ದೋಷಗಳಲ್ಲ ಎಂಬುದೂ ಅವರಿಗೆ ತಿಳಿದಿತ್ತೆಂದೇ ನನ್ನ ಎಣಿಕೆ. ಅಪಸ್ವರ, ಅಸ್ಪಷ್ಟ ಉಚ್ಚಾರ, ಮೂಗಿನಲ್ಲಿ ಹಾಡುವುದು, ಎಲ್ಲವೂ ಅದೇ ಪಟ್ಟಿಯಲ್ಲಿ ಇವುಗಳ ಪಕ್ಕದಲ್ಲಿಯೇ ಕುಳಿತಿವೆ.

ಒಂದು ಕಹಿ ಅನುಭವವನ್ನೂ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಾಗಾರದಲ್ಲಿ ನಮಗೆಲ್ಲ ‘ಮೇಲಿನ ಹಲ್ಲು ಕಾಣುವಂತೆ ಸದಾ ನಗುತ್ತಲೇ ಹಾಡಿ, ದನಿ ಬೆಳಗುತ್ತದೆ’ ಎಂದು ಕಲಿಸಿದರು. ಅದರಲ್ಲಿ ಸತ್ಯಾಂಶ ಇದೆ. ತುಟಿಯ ಮೂಲೆಗಳು ಹಿಂದಕ್ಕೆ ಹೋದರೆ ಗಂಟಲಿನಿಂದ ತುಟಿಯವರೆಗಿನ ಕೊಳವೆ ಚಿಕ್ಕದಾಗುತ್ತದೆ, ಅದರ ಅನುರಣನ, ಅಂದರೆ ಆ ಕೊಳವೆ ತಾನಾಗಿ ಮೊಳಗುವ ಕಂಪನ, ಮೇಲೇರುತ್ತದೆ, ದನಿ ತುಸು ಹೊಳಪಾಗಿ ಕೇಳುತ್ತದೆ. ಆದರೆ ಮೂರು ತಿಂಗಳು ಆ ನಗುವನ್ನು ಹಿಡಿದಿಟ್ಟುಕೊಂಡು ಸಾಧನೆ ಮಾಡಿದ ನನಗೆ ಸಿಕ್ಕಿದ್ದು ಸಂಜೆಯಾದರೆ ಕೆನ್ನೆ ನೋವು, ಎಲ್ಲ ಸ್ವರಾಕ್ಷರಗಳಿಗೂ ಒಂದೇ ಬಣ್ಣ. ಅಕಾರ, ಉಕಾರ, ಓಕಾರ ಎಲ್ಲವೂ ಎಕಾರದ ಕಡೆಗೆ ವಾಲತೊಡಗಿದವು. ತುಟಿ ಮುಂದೆ ಬರದೆ ‘ಊ’ ಹೇಗೆ ಹುಟ್ಟೀತು? ನಗು ಬರಲಿ, ಹೋಗಲಿ. ಬಂದು ಅಲ್ಲಿಯೇ ಕುಳಿತದ್ದನ್ನು ನಾನು ನಗು ಎನ್ನುವುದಿಲ್ಲ.

ದವಡೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇಲ್ಲಿ ಅಪಾರ್ಥಗಳು ಹೆಚ್ಚು. ಕಿವಿಯ ಮುಂದೆ ಎರಡೂ ಬದಿಗೆ ಬೆರಳು ಇಟ್ಟು ಬಾಯಿ ತೆರೆಯಿರಿ. ಮೊದಲು ಕೀಲು ಇದ್ದಲ್ಲಿಯೇ ತಿರುಗುತ್ತದೆ. ಇನ್ನೂ ತೆರೆದರೆ ಬೆರಳ ಕೆಳಗಿನ ಗುಬುಟು ಮುಂದಕ್ಕೆ ಜಾರಿ, ಅಲ್ಲೊಂದು ತಗ್ಗು ಬೀಳುತ್ತದೆ. ಮೊದಲ ಹಂತದಲ್ಲಿ ದವಡೆ ಹಿಂದಕ್ಕೆ ಕೆಳಕ್ಕೆ ಇಳಿಯುತ್ತದೆ. ನಾವು ದವಡೆಯನ್ನು ಮುಂದಕ್ಕೆ ನೂಕಿ ಬಾಯಿ ತೆರೆದೆವು ಎಂದುಕೊಳ್ಳುತ್ತೇವೆ, ಎಡವುವುದು ಇಲ್ಲಿಯೇ. ಸುಮ್ಮನೆ ಕುಳಿತಾಗ ಮೇಲಿನ ಮತ್ತು ಕೆಳಗಿನ ಹಲ್ಲುಗಳು ತಾಗಬಾರದು. ತುಟಿ ಮುಚ್ಚಿದ್ದರೂ ಒಳಗೆ ಎರಡು ಮೂರು ಮಿಲಿಮೀಟರ್ ಸಂದು ಇರುವುದೇ ಸಹಜ ಸ್ಥಿತಿ. ಈ ಮಾತು ಕೇಳಿಸಿಕೊಳ್ಳುತ್ತಿರುವಾಗಲೇ ನಿಮ್ಮ ಹಲ್ಲುಗಳು ಕಚ್ಚಿಕೊಂಡಿದ್ದರೆ, ದಿನವಿಡೀ ಕೆಲಸ ಮಾಡಿದ ಆ ಜಗಿಯುವ ಸ್ನಾಯುವನ್ನೇ ಸಂಜೆ ಸಾಧನೆಗೆ ಕೂರಿಸುತ್ತೀರಿ. ನನ್ನ ದವಡೆ ಬಿಗಿತದ ಅರ್ಧ ಪಾಲು ಹಾಡಿನಿಂದ ಬಂದದ್ದೇ ಅಲ್ಲ, ಕಂಪ್ಯೂಟರ್ ಮುಂದೆ ಕುಳಿತು ಹಲ್ಲು ಕಚ್ಚುವುದರಿಂದ ಬಂದದ್ದು. ಅದಕ್ಕೆ ಸಾಧನೆಯ ಹೊತ್ತಿನಲ್ಲಿ ಮದ್ದು ಹುಡುಕಿ ಪ್ರಯೋಜನವಿರಲಿಲ್ಲ.

ಹಾಗೆಂದು ದವಡೆ ಸಡಿಲವಾಗಿದ್ದರೆ ಸಾಕು, ಬಾಯಿ ಕಡಿಮೆ ತೆರೆದರೂ ನಡೆಯುತ್ತದೆ ಎಂದಲ್ಲ. ‘ಈ’ ಎಂಬ ಅಕ್ಷರವನ್ನೇ ತೆಗೆದುಕೊಳ್ಳಿ. ಬಾಯಿಯ ಒಳಗೆ ಅದರ ಮೊದಲ ಅನುರಣನ ಬಹಳ ಕೆಳಗಿದೆ, ಸೆಕೆಂಡಿಗೆ 300ರಿಂದ 400 ಕಂಪನಗಳ ಆಸುಪಾಸು. ನನ್ನ ತಾರ ಪಂಚಮ ಸುಮಾರು 587. ಸ್ವರವೇ ಅನುರಣನವನ್ನು ದಾಟಿ ಮೇಲೆ ಹೋಯಿತು. ಆಗಲೂ ಮಾತಿನಲ್ಲಿ ಹೇಳುವಷ್ಟೇ ಕಿರಿದಾದ ‘ಈ’ ಬೇಕೆಂದು ಹಟ ಹಿಡಿದರೆ ಬಾಯಿ ಸಹಾಯ ಮಾಡುವುದನ್ನು ನಿಲ್ಲಿಸುತ್ತದೆ, ಗಂಟಲು ಒತ್ತಿ ಹಾಡಬೇಕಾಗುತ್ತದೆ. ನಾಲಿಗೆಯನ್ನು ‘ಈ’ ಜಾಗದಲ್ಲಿಯೇ ಬಿಟ್ಟು ದವಡೆಯನ್ನು ಒಂದು ಬೆರಳಿನಷ್ಟು ಇಳಿಸಿದರೆ ಅನುರಣನ ಮೇಲೇರಿ ಸ್ವರವನ್ನು ಭೇಟಿಯಾಗುತ್ತದೆ. ಕೇಳುವವರಿಗೆ ಆಗಲೂ ‘ಈ’ ಎಂದೇ ಕೇಳುತ್ತದೆ. ನನ್ನ ಕಿವಿಗೆ ಮಾತ್ರ ಒಳಗಿನಿಂದ ‘ಎ’ಯ ನೆರಳು ಬಂದಂತೆ ಅನ್ನಿಸಿ ಮೊದಮೊದಲು ಅಳುಕಾಗುತ್ತಿತ್ತು. ಧ್ವನಿಮುದ್ರಣ ಕೇಳಿದ ಮೇಲೆ ಅಳುಕು ಹೋಯಿತು. ಎತ್ತರದಲ್ಲಿ ಒಂದು ಸಾಲು ಯಾವಾಗಲೂ ನಿಮ್ಮ ಮುಖ ಹಿಂಡುತ್ತಿದ್ದರೆ, ಅಲ್ಲಿರುವ ಅಕ್ಷರ ಯಾವುದು ಎಂದು ಒಮ್ಮೆ ನೋಡಿ. ಎಷ್ಟೋ ಸಲ ಕಳ್ಳ ಅಲ್ಲಿಯೇ ಸಿಗುತ್ತಾನೆ.

ನನ್ನ ಪಂಚಮದ ಹುಬ್ಬಿನ ಕಳ್ಳ ಮಾತ್ರ ಅಲ್ಲಿ ಸಿಗಲಿಲ್ಲ. ಅವನನ್ನು ಹಿಡಿದುಕೊಟ್ಟವರು ನಮ್ಮ ಗುರುಗಳು. ವಿಡಿಯೋ ತೋರಿಸಿದೆ. ಮುಖದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ‘ಗಾಂಧಾರಕ್ಕೆ ಮೊದಲು ಉಸಿರು ತೆಗೆದುಕೊಂಡೆಯಲ್ಲ, ಅದನ್ನು ತೋರಿಸಮ್ಮ’ ಎಂದರು. ಹಿಂದಕ್ಕೆ ಓಡಿಸಿದೆ. ಅಲ್ಲಿತ್ತು ನೋಡಿ. ಈ ತುಣುಕನ್ನು ನಿಧಾನಗತಿಯಲ್ಲಿ ಹಾಕಿದ್ದೇನೆ. ಉಸಿರು ಎಳೆಯುವಾಗ ಭುಜ ಏರುತ್ತದೆ, ಎದೆ ಉಬ್ಬುತ್ತದೆ, ಕೊನೆಯಲ್ಲಿ ಗಂಟಲು ಟಪ್ಪೆಂದು ಮುಚ್ಚಿ ಒಂದು ಕ್ಷಣ ಉಸಿರು ಹಿಡಿದು ನಿಂತಿದ್ದೇನೆ. ಆಮೇಲೆ ಸ್ವರ. ನಾಲ್ಕು ಸ್ವರಕ್ಕೆ ಬೇಕಾಗಿದ್ದು ಒಂದು ಲೋಟ, ನಾನು ತುಂಬಿಕೊಂಡದ್ದು ಕೊಡ. ಅಷ್ಟು ಗಾಳಿ ಕೆಳಗಿನಿಂದ ಒತ್ತುತ್ತಿರುವಾಗ ಅದನ್ನು ತಡೆಯಲು ಧ್ವನಿತಂತುಗಳು ಬಿಗಿಯಾಗಿ ಒತ್ತಿಕೊಳ್ಳಲೇಬೇಕು. ಅವುಗಳ ಸಹಾಯಕ್ಕೆ ನಾಲಿಗೆ, ದವಡೆ, ಕೊನೆಗೆ ಹುಬ್ಬು. ಪಕ್ಕೆಲುಬು ಮತ್ತು ಹೊಟ್ಟೆಯ ಸ್ನಾಯುಗಳು ನಿಧಾನವಾಗಿ ಬಿಡಬೇಕಾಗಿದ್ದ ಉಸಿರನ್ನು ನನ್ನ ಮುಖ ಹಿಡಿದುಕೊಂಡು ನಿಂತಿತ್ತು. ಪಾಪ, ಬೈಸಿಕೊಂಡದ್ದು ಮಾತ್ರ ಮುಖ.

ಅಷ್ಟು ಉಸಿರು ತುಂಬಿಕೊಂಡದ್ದೇಕೆ ಎಂದರೆ, ಮುಂದೆ ಷಡ್ಜ ಇದೆ ಎಂದು. ಹತ್ತನೆಯ ವಯಸ್ಸಿನಲ್ಲಿ ಒಮ್ಮೆ ವೇದಿಕೆಯ ಮೇಲೆ ಅದೇ ಸ್ವರ ಒಡೆದಿತ್ತು. ಮನಸ್ಸು ಮರೆತಿದೆ, ಉಸಿರು ಮರೆತಿಲ್ಲ.

ಗುರುಗಳು ಕೊಟ್ಟ ಪಾಠ ಸರಳವಾಗಿತ್ತು. ಒಂದು ತಿಂಗಳು ಐದರ ಎತ್ತರದ ಆ ಷಡ್ಜವನ್ನು ಹಾಡುವುದೇ ಬೇಡ. ಶ್ರುತಿಯನ್ನು ಮೂರಕ್ಕೆ ಇಳಿಸಿ ಅದೇ ಗ ಪ ದ ಸ. ಅಲ್ಲಿ ಹೆದರಿಕೆಗೆ ಕಾರಣವೇ ಇಲ್ಲ, ಹುಬ್ಬು ಏಳಲೂ ಇಲ್ಲ. ಒಂದು ವಾರದ ಮೇಲೆ ನೇರವಾಗಿ ನಾಲ್ಕಕ್ಕಲ್ಲ, ಅದಕ್ಕೂ ಮೊದಲು ಮೂರರಲ್ಲಿಯೇ ಅರ್ಧ ದನಿಯಲ್ಲಿ. ಆಮೇಲೆ ಒಂದೊಂದೇ ಮೆಟ್ಟಿಲು ಶ್ರುತಿ ಏರಿಕೆ. ಯಾವ ಮೆಟ್ಟಿಲಲ್ಲಿ ಹೆಬ್ಬೆರಳನ್ನು ಗಲ್ಲ ದಬ್ಬುತ್ತದೆಯೋ ಅಲ್ಲಿಂದ ಒಂದು ಮೆಟ್ಟಿಲು ಕೆಳಗೆ. ಬೇಸರದ ಕೆಲಸ, ಹೌದು. ಅದನ್ನು ನಾನು ಪೂರ್ತಿ ಚಿತ್ರೀಕರಿಸಿಯೂ ಇಲ್ಲ, ನೋಡಲು ಅಲ್ಲೇನೂ ಇಲ್ಲ.

ಜೊತೆಗೆ ನಾನಾಗಿ ಸೇರಿಸಿಕೊಂಡದ್ದು ಈಗ ಕಾಣುತ್ತಿರುವ ಸ್ಟ್ರಾ. ಲೋಟದಲ್ಲಿ ನೀರು, ನೀರಿನೊಳಗೆ ಎರಡು ಬೆರಳಿನಷ್ಟು ಸ್ಟ್ರಾ. ತುಟಿಯನ್ನು ಸ್ಟ್ರಾ ಸುತ್ತ ಮುಚ್ಚಿ ‘ಊ’ ಎಂದು ಸ್ವರ ಹಿಡಿಯುತ್ತೇನೆ, ಗುಳ್ಳೆಗಳು ಏಳುತ್ತವೆ. ನೀರು ಗಾಳಿಗೆ ಎದುರೊತ್ತು ಕೊಡುತ್ತದೆ, ಆ ಎದುರೊತ್ತು ಗಂಟಲಿನವರೆಗೂ ಹಿಂದಕ್ಕೆ ಹೋಗಿ ಧ್ವನಿತಂತುಗಳು ಒಂದಕ್ಕೊಂದು ಜೋರಾಗಿ ಹೊಡೆದುಕೊಳ್ಳದಂತೆ ತಡೆಯುತ್ತದೆ. ಅಮೆರಿಕದ ಧ್ವನಿವಿಜ್ಞಾನಿ ಇಂಗೋ ಟಿಟ್ಜ಼ ಈ ಸ್ಟ್ರಾ ಅಭ್ಯಾಸವನ್ನು ಬಹಳ ಅಧ್ಯಯನ ಮಾಡಿ ಪ್ರಚಾರಕ್ಕೆ ತಂದವರು. ನನಗೆ ಇದರಲ್ಲಿ ಇಷ್ಟವಾಗುವುದು ಗುಳ್ಳೆ. ಅದು ಸುಳ್ಳು ಹೇಳುವುದಿಲ್ಲ. ಉಸಿರು ಸಮವಾಗಿ ಬರುತ್ತಿದ್ದರೆ ಗುಳ್ಳೆಯೂ ಸಮ, ನಾನು ಹೆದರಿ ಉಸಿರು ಹಿಡಿದ ಕ್ಷಣ ಗುಳ್ಳೆ ನಿಲ್ಲುತ್ತದೆ. ಪಂಚಮದಲ್ಲಿ ನಿಂತಿತು, ನೋಡಿದಿರಲ್ಲ? ಹಣೆಯ ಮೇಲಿನ ಗೆರೆ ಯಾವ ಸುದ್ದಿ ಹೇಳುತ್ತಿತ್ತೋ ಅದೇ ಸುದ್ದಿ, ಇನ್ನೂ ಮೂಲಕ್ಕೆ ಹತ್ತಿರದ ಜಾಗದಿಂದ.

ಹಾಡುವವರ ಮುಖ ಕಲ್ಲಿನಂತಿರಬೇಕೆ ಎಂದು ಕೆಲವರು ಕೇಳಿದ್ದೀರಿ. ಖಂಡಿತ ಬೇಡ. ಭಾವವಿಲ್ಲದ ಮುಖದಿಂದ ಬರುವ ಹಾಡನ್ನು ನಾನಂತೂ ಕೇಳಲಾರೆ. ಕಣ್ಣು ಅರಳಲಿ, ಹುಬ್ಬು ಕೂಡ ಏರಲಿ. ಭಾವ ಯಾವುದು, ಬಿಗಿತ ಯಾವುದು ಎಂದು ತಿಳಿಯಲು ಗುರುಗಳು ಹೇಳಿದ ಉಪಾಯ ಇದು: ‘ಷಡ್ಜದ ಮೇಲೆ ನಿಂತುಕೊಂಡೇ, “ಇಲ್ಲ” ಎನ್ನುವಂತೆ ಮೆಲ್ಲಗೆ ತಲೆ ಆಡಿಸು. ಆಡಿದರೆ ಸರಿ, ಆಡದಿದ್ದರೆ ಸಿಕ್ಕಿಕೊಂಡಿದೆ ಎಂದು ತಿಳಿ.’ ಹಾಗೆಯೇ ಸ್ವರ ಹಿಡಿದಿರುವಾಗಲೇ ಹುಬ್ಬು ಎತ್ತಿ ಇಳಿಸಿ, ನಕ್ಕು ನಗು ಬಿಟ್ಟು, ದವಡೆಯನ್ನು ಒಂಚೂರು ಆಚೆ ಈಚೆ ಸರಿಸಿ ನೋಡಿ. ದನಿಯ ಬಣ್ಣ ಸ್ವಲ್ಪ ಬದಲಾದೀತು, ಆದರೆ ಸ್ವರ ಮುರಿಯಬಾರದು. ಭಾವ ಅಲೆಯಂತೆ ಬಂದು ಹೋಗುತ್ತದೆ, ಬಿಗಿತ ಬಂದಲ್ಲಿಯೇ ಬೇರು ಬಿಡುತ್ತದೆ.

ಒಂದು ಎಚ್ಚರಿಕೆ. ದನಿ ಒಡೆದು ಎರಡು ಮೂರು ವಾರವಾದರೂ ಸರಿಹೋಗದಿದ್ದರೆ, ಹಾಡುವಾಗ ನೋವಿದ್ದರೆ, ಬಾಯಿ ತೆರೆಯುವಾಗ ದವಡೆ ನೋವಿನೊಂದಿಗೆ ಕಟಕ್ ಎನ್ನುತ್ತಿದ್ದರೆ, ಸ್ಟ್ರಾ ಹಿಡಿದು ಕೂರಬೇಡಿ. ಕಿವಿ ಮೂಗು ಗಂಟಲಿನ ವೈದ್ಯರನ್ನೋ ದಂತವೈದ್ಯರನ್ನೋ ಕಾಣಿ. ಒಳಗೆ ಏನಾಗಿದೆ ಎಂದು ಅವರು ನೋಡಬಲ್ಲರು. ಹಾಗೆ ನೋಡುವ ದಾರಿ ತೆರೆದವರಲ್ಲಿ ಪ್ರಮುಖರು ಒಬ್ಬ ಸಂಗೀತ ಶಿಕ್ಷಕರೇ ಎಂಬುದು ನನಗೆ ಬಹಳ ಹೆಮ್ಮೆಯ ವಿಷಯ. 1854ರಲ್ಲಿ ಮ್ಯಾನ್ಯುಯೆಲ್ ಗಾರ್ಸಿಯಾ ದಂತವೈದ್ಯರ ಪುಟ್ಟ ಕನ್ನಡಿಯನ್ನು ಗಂಟಲಿಗಿಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲನ್ನು ಒಳಗೆ ಹಾಯಿಸಿ, ಹಾಡುವಾಗ ತಮ್ಮದೇ ಧ್ವನಿತಂತುಗಳು ಅಲುಗುವುದನ್ನು ಕಂಡರು. ಎರಡು ಕನ್ನಡಿ, ಒಂದಿಷ್ಟು ಬಿಸಿಲು. ನಮ್ಮ ಕೈಯಲ್ಲಿ ಕ್ಯಾಮೆರಾ ಇದೆ.

ಈಗ ಎರಡು ತುಣುಕುಗಳನ್ನು ಅಕ್ಕಪಕ್ಕ ಇಟ್ಟಿದ್ದೇನೆ. ಎಡಗಡೆಯದು ಆರಂಭದಲ್ಲಿ ನೋಡಿದ್ದು, ಬಲಗಡೆಯದು ನಿನ್ನೆ ಬೆಳಗಿನದು. ಎರಡೂ ಐದರ ಶ್ರುತಿಯಲ್ಲಿಯೇ. ಮೊದಲು ಧ್ವನಿ ಇಲ್ಲದೆ. ಉಸಿರು ನೋಡಿ, ಬಲಗಡೆ ಭುಜ ಏಳಲಿಲ್ಲ. ಗಾಂಧಾರ. ಪಂಚಮ, ಎಡಗಡೆ ಹುಬ್ಬು ಹಾರಿತು, ಬಲಗಡೆ ಇಲ್ಲ. ಧೈವತದಲ್ಲಿ ಬಲಗಡೆಯೂ ಒಂದು ಸಣ್ಣ ಮಿಡಿತ ಇದೆ, ಎಡ ಹುಬ್ಬಿನ ತುದಿಯಲ್ಲಿ. ಕಂಡಿತೆ? ಮುಂದಿನ ತಿಂಗಳ ಕೆಲಸ ಅದು. ಈಗ ಧ್ವನಿ ಹಾಕುತ್ತೇನೆ, ಕಣ್ಣು ಮುಚ್ಚಿ ಬರೀ ಷಡ್ಜ ಕೇಳಿ.